ಗುಂಪು ಸವಾರಿ ಮತ್ತೆ ಶುರು: ಎಷ್ಟು ಅಂತರ ಬಿಡ್ತೀರಾ, ಎಷ್ಟು ಜನ ಹೋಗ್ತೀರಾ?

ಹಿಂದಿನಚಕ್ರ (ಸೋಮವಾರ, 21 ಸೆಪ್ಟೆಂಬರ್ 2020)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಹನ್ನೊಂದು ಜನರ ಭಾನುವಾರದ ಸೈಕಲ್ ಗುಂಪು. ಕೊರೋನಾ ಅಂತ ಮಾರ್ಚ್‌ನಿಂದ ಎಲ್ಲರೂ ಒಬ್ಬೊಬ್ಬರೇ ಓಡಿಸುತ್ತಿದ್ದೆವು. ಬೇಸಿಗೆಯಲ್ಲಿ ಇಬ್ಬಿಬ್ಬರಾಗಿ ಹೋದೆವು. ಈಗ ನಿಯಮ ಸಡಿಲವಾಗಿದೆ. ಹವೆಯೂ ಚೆನ್ನಾಗಿದೆ, ಬೆಳಗ್ಗೆ ಸಣ್ಣ ಚಳಿ, ಎಲೆಗಳ ಬಣ್ಣ ತಿರುಗುತ್ತಿದೆ. ಇನ್ನೊಂದು ತಿಂಗಳು ಕಳೆದರೆ ಬರೀ ಕತ್ತಲು, ಮಳೆ. ಈಗಲ್ಲದಿದ್ದರೆ ಇನ್ಯಾವಾಗ ಅಂತ ನಿನ್ನೆ ಎಂಟು ಜನ ಒಟ್ಟಿಗೆ ಹೊರಟೆವು.

ಮೊದಲ ಹತ್ತು ಕಿಲೋಮೀಟರ್ ಶಿಸ್ತೋ ಶಿಸ್ತು. ಮೂರು ಸೈಕಲ್ ಉದ್ದ ಅಂತರ, ಯಾರೂ ಮಾತಾಡ್ತಿಲ್ಲ. ಆಮೇಲೆ ಎದುರುಗಾಳಿ ಶುರುವಾಯಿತು. ಯಾರೂ ಏನೂ ಹೇಳಲಿಲ್ಲ, ಸುಮ್ನೆ ಒಬ್ಬೊಬ್ಬರೇ ಮುಂದೆ ಸರಿದರು. ಐದು ನಿಮಿಷಕ್ಕೆ ಅದೇ ಹಳೇ ಗುಂಪು. ನಾನೂ ಸರಿದೆ, ಸುಳ್ಳು ಹೇಳಲ್ಲ. ಆರು ತಿಂಗಳ ಮೇಲೆ ಅಷ್ಟು ಚಕ್ರಗಳ ಸದ್ದು ಒಟ್ಟಿಗೆ ಕೇಳಿ ಖುಷಿಯಾಗಿತ್ತು. ಆಗ ನನ್ನ ಮುಂದಿದ್ದವರು ತಲೆ ಪಕ್ಕಕ್ಕೆ ವಾಲಿಸಿ, ಒಂದು ಹೊಳ್ಳೆ ಬೆರಳಲ್ಲಿ ಮುಚ್ಚಿ, ಇನ್ನೊಂದರಿಂದ ಜೋರಾಗಿ ಸಿಂಬಳ ಊದಿದರು. ಗಾಳಿ ಸ್ವಲ್ಪ ಅಡ್ಡ ತಿರುಗಿತ್ತು. ನೇರ ಬಂದು ನನ್ನ ಕನ್ನಡಕದ ಎಡಗಾಜಿನ ಮೇಲೆ ಬಿತ್ತು. ಕನ್ನಡಕ ಇಲ್ಲದಿದ್ದರೆ ಕಣ್ಣಿಗೇ.

ಬ್ರೇಕ್ ಹಿಡಿದು ಹಿಂದೆ ಉಳಿದೆ. ಮುಂದೆ ನಿಂತಾಗ ಅಂತರ ಬಿಡೋಣ ಅಂದೆ. "ಅಷ್ಟು ಭಯ ಇದ್ದರೆ ಮನೇಲೇ ಇರಬೇಕಿತ್ತು" ಅಂದರು. ಮನೆಯಲ್ಲಿ 74 ವರ್ಷದ ಅಮ್ಮ ಇದ್ದಾರೆ, ಭಯ ಇದೆ ನಿಜ.

ನೀವೆಲ್ಲ ಏನು ಮಾಡ್ತಿದ್ದೀರಾ? ಗುಂಪು ಬಿಟ್ಟೇಬಿಡಲಾ?

ನಿಧಾನವೇಸರಿ
ಮೇಡಂ, ನಿಮ್ಮ ಕಡೆ ತಪ್ಪಿಲ್ಲ. ಸಿಂಬಳ ತೆಗೆಯಬೇಕು ಅಂದರೆ ಸಾಲಿನಿಂದ ಹೊರಗೆ ಬಂದು, ಕೊನೆಯವರ ಹಿಂದೆ ಹೋಗಿ, ಅಲ್ಲಿ ಮಾಡಬೇಕು. ಇದು ಕೊರೋನಾ ನಿಯಮ ಅಲ್ಲ, ನಾನು ಸೈಕಲ್ ಹತ್ತಿದ ಕಾಲದಿಂದ ಇರೋ ನಿಯಮ. ಮೂವತ್ತು ವರ್ಷದಲ್ಲಿ ಪಾಲಿಸಿದವರು ನಾಲ್ಕೇ ಜನ ಸಿಕ್ಕಿದ್ದಾರೆ, ಅದು ಬೇರೆ ಮಾತು.

ಪಂಕ್ಚರ್‌ಪುರಾಣ
ಎಡಗಾಜು 😂 ಕ್ಷಮಿಸಿ, ನಗಬಾರದು. ಆದರೂ.

ಗಾಳಿಗೆಎದುರು
ಸಿಂಬಳದ ವಿಷಯ ಒಪ್ಪಿದೆ, ಅದು ಅಸಹ್ಯ. ಆದರೆ ಅದಕ್ಕೂ ಗುಂಪು ಬಿಡೋದಕ್ಕೂ ಏನು ಸಂಬಂಧ? ಬಯಲು, ಮೇಲೆ ಆಕಾಶ, ಮುಖಕ್ಕೆ ಗಂಟೆಗೆ 30 ಕಿ.ಮೀ. ಗಾಳಿ. ಇಷ್ಟರಲ್ಲಿ ಹರಡುತ್ತೆ ಅನ್ನೋದಾದರೆ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಹೇಗೆ ನಡೆಯಿತು? ನಿನ್ನೆ ತಾನೇ ಪ್ಯಾರಿಸ್‌ನಲ್ಲಿ ಮುಗಿಯಿತು. ನೀಸ್‌ನಿಂದ 176 ಜನ ಹೊರಟರು, ಮೂರು ವಾರ ಭುಜಕ್ಕೆ ಭುಜ ತಾಗಿಸಿ ಓಡಿಸಿದರು. ಪರೀಕ್ಷೆಯಲ್ಲಿ ಒಬ್ಬ ಸವಾರನಿಗೂ ಪಾಸಿಟಿವ್ ಬರಲಿಲ್ಲ.

ಆಸ್ಪತ್ರೆಪಾಳಿ
@ಗಾಳಿಗೆಎದುರು ಅವರಿಗೆ ಹೊರಡೋ ಮುಂಚೆ ಪರೀಕ್ಷೆ, ಎರಡು ವಿಶ್ರಾಂತಿ ದಿನದಲ್ಲೂ ಪರೀಕ್ಷೆ. ತಂಡ ಬಿಟ್ಟು ಬೇರೆಯವರ ಜೊತೆ ಬೆರೆಯುವ ಹಾಗಿಲ್ಲ. ವಾರದೊಳಗೆ ಒಂದು ತಂಡದಲ್ಲಿ ಇಬ್ಬರಿಗೆ ಬಂದರೆ ಇಡೀ ತಂಡ ಮನೆಗೆ. ಅಷ್ಟಾದರೂ ಮೊದಲ ವಿಶ್ರಾಂತಿ ದಿನ ರೇಸ್ ನಿರ್ದೇಶಕ ಪ್ರುದೊಮ್ ಅವರಿಗೇ ಪಾಸಿಟಿವ್ ಬಂತು, ನಾಲ್ಕು ತಂಡಗಳಲ್ಲಿ ಒಬ್ಬೊಬ್ಬ ಸಿಬ್ಬಂದಿಗೂ ಬಂತು. ನಿಮ್ಮ ಭಾನುವಾರದ ಗುಂಪಲ್ಲಿ ಶನಿವಾರ ಯಾರು ಪರೀಕ್ಷೆ ಮಾಡಿಸಿಕೊಂಡು ಬರ್ತಾರೆ ಹೇಳಿ?

ಗಾಳಿಗೆಎದುರು
ಸರಿ, ಪರೀಕ್ಷೆ ಇಲ್ಲ. ಆದರೆ ನಾವು ಎಂಟೇ ಜನ, 176 ಅಲ್ಲ.

ಸ್ಪೋಕ್‌ಎಣಿಕೆ
ಟೂರ್ ಮಾತು ಬಂತು ಅಂತ ಕೇಳ್ತೀನಿ. ಶನಿವಾರದ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋ ಹಂತ) ಯಾರ್ಯಾರು ನೋಡಿದಿರಿ? ರೋಗ್ಲಿಚ್ 57 ಸೆಕೆಂಡ್ ಮುಂದೆ ಇದ್ದವನು, 36 ಕಿಲೋಮೀಟರ್‌ನಲ್ಲಿ ಎಲ್ಲಾ ಕಳೆದುಕೊಂಡ. ಹೆಲ್ಮೆಟ್ ಓರೆಯಾಗಿ ಕೂತಿತ್ತು ಪಾಪ. ಗೆದ್ದ ಪೊಗಾಚಾರ್ ಇನ್ನೂ ಹುಡುಗ, ಇವತ್ತಿಗೆ 22 ತುಂಬಿತು.

ನಿಧಾನವೇಸರಿ
ನೋಡಿದೆ. ಟಿವಿ ಮುಂದೆ ನಾನೇ ಏದುಸಿರು ಬಿಟ್ಟೆ.

ಹಿಂದಿನಚಕ್ರ
ಟೂರ್‌ಗೆ ಬೇರೆ ಚರ್ಚೆ ಇದೆ ಅಲ್ವಾ, ಅಲ್ಲಿಗೆ ಹೋಗ್ರಪ್ಪಾ. ನನಗೆ ಅಂತರ ಎಷ್ಟು ಅಂತ ಯಾರಾದರೂ ಹೇಳಿ.

ಸ್ಪೋಕ್‌ಎಣಿಕೆ
ಹೇಳ್ತೀನಿ ಮೇಡಂ. ಏಪ್ರಿಲ್‌ನಲ್ಲಿ ಎಲ್ಲರ ಮೊಬೈಲಿಗೂ ಒಂದು ಚಿತ್ರ ಬಂದಿತ್ತಲ್ಲ, ಓಡುವವನ ಹಿಂದೆ ಬಣ್ಣದ ಚುಕ್ಕಿಗಳ ಮೋಡ. ಅದು ಬರ್ಟ್ ಬ್ಲಾಕೆನ್ ಅವರ ತಂಡದ ಕಂಪ್ಯೂಟರ್ ಲೆಕ್ಕ. ಸೈಕಲ್ ಗಾಳಿ ತಡೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಮುಂದೆ ಹೋಗುವವರ ನೇರ ಹಿಂದೆ ಇದ್ದರೆ ನಡೆಯುವಾಗ 4-5 ಮೀಟರ್, ಓಡುವಾಗ ಅಥವಾ ನಿಧಾನ ಸೈಕಲ್‌ನಲ್ಲಿ 10 ಮೀಟರ್, ಜೋರು ಸೈಕಲ್‌ನಲ್ಲಿ 20 ಮೀಟರ್ ಬಿಡಿ ಅಂದಿದ್ದರು.

30 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 8 ಮೀಟರ್ ಚಿಲ್ಲರೆ. 20 ಮೀಟರ್‌ಗೆ ಎರಡೂವರೆ ಸೆಕೆಂಡ್. ಮುಂದಿನವರು ಒಂದು ಕಂಬ ದಾಟಿದಾಗ "ಸಾವಿರದೊಂದು, ಸಾವಿರದೆರಡು" ಅಂತ ಎಣಿಸಿ. ಮುಗಿಸೋಕೆ ಮುಂಚೆ ನೀವೂ ಕಂಬದ ಹತ್ತಿರ ಇದ್ದರೆ ಹತ್ತಿರ ಆಯ್ತು. ಕಣ್ಣಳತೆಯಲ್ಲಿ ಎಲ್ಲರೂ ಮೋಸ ಹೋಗ್ತಾರೆ. ಹತ್ತು ಮೀಟರ್ ಅಂದುಕೊಂಡಿದ್ದು ಅಳೆದರೆ ಐದೇ ಇರುತ್ತೆ.

ಗಾಳಿಗೆಎದುರು
ಆ ಲೆಕ್ಕದಲ್ಲಿ ವೈರಸ್ಸೇ ಇಲ್ಲ ಗುರು! ಹನಿ ಎಲ್ಲಿ ಬೀಳುತ್ತೆ ಅಂತ ಮಾತ್ರ ಇದೆ. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮುಂಚೆಯೇ ಹೊರಗೆ ಬಿಟ್ಟರು ಅಂತ ಆಗಲೇ ಬೈಸಿಕೊಂಡರು. ಅದರಿಂದ ಯಾರಿಗಾದರೂ ಕಾಯಿಲೆ ಬಂತಾ ಅನ್ನೋದು ಅದರಲ್ಲಿ ಇಲ್ಲ. 20 ಮೀಟರ್ ಬಿಟ್ಟರೆ ಅದು ಗುಂಪು ಸವಾರಿ ಅಲ್ಲ, ಒಂದೇ ರಸ್ತೆಯಲ್ಲಿ ಎಂಟು ಜನ ಒಂಟಿ.

ಒಂಟಿಪೆಡಲ್
ಎಂಟು ಜನ ಒಂಟಿ. ಕೇಳೋಕೆ ಎಷ್ಟು ಹಿತವಾಗಿದೆ.

ಸ್ಪೋಕ್‌ಎಣಿಕೆ
ಅದರಲ್ಲಿ ವೈರಸ್ ಇಲ್ಲ ಅನ್ನೋದು ನಿಜ, ಒಪ್ಪಿದೆ. ನಾನು ಅದನ್ನು ಕಾನೂನು ಅಂತ ಹೇಳ್ತಿಲ್ಲ. ಆದರೆ ಒಂದು ಯೋಚನೆ ಮಾಡಿ. ನೀವು ಮುಂದಿನವರ ಹಿಂದೆ ಯಾಕೆ ಕೂರ್ತೀರಾ? ಅಲ್ಲಿ ಗಾಳಿ ಹೊಡೆಯಲ್ಲ, ಅವರ ದೇಹ ಗಾಳಿಯನ್ನು ಒಡೆದು ನಿಮ್ಮನ್ನು ಎಳೆದುಕೊಂಡು ಹೋಗುತ್ತೆ. ಹಾಗಾದರೆ ಅವರು ಬಿಟ್ಟ ಉಸಿರು ಎಲ್ಲಿಗೆ ಹೋಗುತ್ತೆ? ಅದೇ ಜಾಗಕ್ಕೆ. ಅಡ್ಡಗಾಳಿ ಇದ್ದಾಗ ಓರೆಯಾಗಿ ಸರಿದು ನಿಲ್ತೀವಲ್ಲ, ಆಗಲೂ ಅಷ್ಟೇ. ಗಾಳಿ ತಪ್ಪುವ ಜಾಗ ಯಾವುದೋ ಉಸಿರು ಬರುವ ಜಾಗವೂ ಅದೇ. ಮುಖಕ್ಕೆ 30 ಕಿ.ಮೀ. ಗಾಳಿ ಅಂತೀರಾ, ಆ ಗಾಳಿ ತಪ್ಪಿಸಿಕೊಳ್ಳೋಕೆ ತಾನೇ ನಾವು ಗುಂಪಿಗೆ ಬರೋದು?

ಮಡ್‌ಗಾರ್ಡ್‌ಪಕ್ಷ
ಇದನ್ನು ಕಣ್ಣಾರೆ ನೋಡಬೇಕು ಅಂದರೆ ಮಳೆ ನಿಂತ ಮೇಲೆ ಒದ್ದೆ ರಸ್ತೆಯಲ್ಲಿ ಹೋಗಿ. ಮುಂದಿನವರ ಚಕ್ರದಿಂದ ಎದ್ದ ನೀರು ಬೀಸಣಿಗೆ ಹಾಗೆ ಮೇಲೆದ್ದು ನೇರ ಬಾಯಿಗೆ ಬರುತ್ತೆ. ಹಲ್ಲಲ್ಲಿ ಮರಳು ಕರಕರ ಅನ್ನುತ್ತೆ. ಹತ್ತು ಮೀಟರ್ ಹಿಂದೆ ಹೋದರೂ ಕನ್ನಡಕದ ಮೇಲೆ ಸಣ್ಣ ಚುಕ್ಕಿ. ಆಮೇಲೆ ಯಾರೂ "ಗಾಳಿಯಲ್ಲಿ ಕರಗಿ ಹೋಗುತ್ತೆ" ಅಂತ ವಾದ ಮಾಡಲ್ಲ.

ಇದೇ ಸಮಯ ಅಂತ ನನ್ನ ಪಕ್ಷದ ಪ್ರಚಾರ ಮಾಡ್ತೀನಿ. ಎಲೆ ಉದುರೋ ಕಾಲ ಬಂತು, ಮಡ್‌ಗಾರ್ಡ್ ಹಾಕಿ. ನಿಮಗೋಸ್ಕರ ಅಲ್ಲ, ಹಿಂದಿನವರಿಗೋಸ್ಕರ. ಹಿಂದಿನ ಮಡ್‌ಗಾರ್ಡ್ ಗಿಡ್ಡ ಇದ್ದರೆ ಹಳೇ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ತುದಿಗೆ ಎರಡು ಕೇಬಲ್ ಟೈ ಹಾಕಿ ಕಟ್ಟಿ. ನೆಲದಿಂದ ಒಂದು ಗೇಣು ಮೇಲಿದ್ದರೆ ಸಾಕು.

ಪಂಕ್ಚರ್‌ಪುರಾಣ
ಕಾರ್ಬನ್ ಸೈಕಲ್‌ಗೆ ಪ್ಲಾಸ್ಟಿಕ್ ಬಾಟಲಿ. ಮದುವೆ ಸೀರೆಗೆ ಗೋಣಿ ಸೆರಗು.

ಮಡ್‌ಗಾರ್ಡ್‌ಪಕ್ಷ
ಹಿಂದೆ ಕೂತು ಕೊಚ್ಚೆ ಕುಡಿದಾಗ ಗೊತ್ತಾಗುತ್ತೆ ಸೆರಗಿನ ಬೆಲೆ.

ಆಸ್ಪತ್ರೆಪಾಳಿ
ಪಾಳಿ ಮುಗಿಸಿ ಈಗ ಬಂದೆ. ಎರಡು ಮಾತು.

ಬಯಲಲ್ಲಿ ಅಪಾಯ ಕಡಿಮೆ ಅನ್ನೋದು ನಿಜ, ಗಾಳಿಗೆಎದುರು ಹೇಳಿದ್ದರಲ್ಲಿ ಅಷ್ಟು ಸರಿ. ಒಬ್ಬರು ಪಕ್ಕದಲ್ಲಿ ಸೊಂಯ್ ಅಂತ ಹಾದು ಹೋದರೆ ತಲೆ ಕೆಡಿಸ್ಕೋಬೇಡಿ. ಆದರೆ ಎರಡು ಗಂಟೆ ಒಂದೇ ಚಕ್ರದ ಹಿಂದೆ, ಇಬ್ಬರೂ ಬಾಯಿ ತೆರೆದು ಏದುಸಿರು ಬಿಡ್ತಾ ಕೂರೋದು ಬೇರೆ. ಎಷ್ಟು ಹೊತ್ತು, ಎಷ್ಟು ಹತ್ತಿರ, ಎಷ್ಟು ಜೋರು ಉಸಿರು, ಮೂರೂ ನೋಡಬೇಕು. ಕಿರುಚೋದು ಇನ್ನೂ ಕೆಟ್ಟದ್ದು. "ಕಾರು ಬಂತೂ", "ಗುಂಡೀ" ಅಂತ ಮುಂದಿನಿಂದ ಹಿಂದಕ್ಕೆ ಎಂಟು ಜನ ಕೂಗ್ತಾ ಹೋಗ್ತೀವಲ್ಲ, ಅದನ್ನು ಕೈ ಸನ್ನೆಗೆ, ಸೈಕಲ್ ಬೆಲ್‌ಗೆ ಬದಲಾಯಿಸಿ.

ಎರಡನೇದು, ಯಾರೂ ಕೇಳದ ಪ್ರಶ್ನೆ. ಸವಾರಿ ಶುರುವಾಗೋ ಜಾಗಕ್ಕೆ ಹೇಗೆ ಹೋಗ್ತೀರಾ? ನನಗೆ ಗೊತ್ತಿರೋ ಒಂದು ಗುಂಪು ರಸ್ತೆ ಮೇಲೆ ಟೇಪ್ ಹಿಡಿದು ಅಳೆದ ಹಾಗೆ ಅಂತರ ಬಿಡುತ್ತೆ. ಆದರೆ ಅಲ್ಲಿಗೆ ಬರೋದು ಒಂದೇ ಕಾರಲ್ಲಿ ನಾಲ್ಕು ಜನ, ಚಳಿ ಅಂತ ಕಿಟಕಿ ಮುಚ್ಚಿ, ಮುಕ್ಕಾಲು ಗಂಟೆ! ವಾಪಸ್ ಬರುವಾಗಲೂ ಅದೇ. ಮಧ್ಯೆ ಹೋಟೆಲ್ ಒಳಗೆ ಒಂದು ಮೇಜಿನ ಸುತ್ತ ಆರು ಜನ. ಆಮೇಲೆ ಫೋಟೋಗೆ ಹೆಗಲ ಮೇಲೆ ಕೈ.

ಗಾಳಿಗೆಎದುರು
...ಕಾರಿನ ವಿಷಯ ನಮ್ಮದೂ ಹೌದು. ನಾಲ್ಕಲ್ಲ, ಮೂರು.

ಪಂಕ್ಚರ್‌ಪುರಾಣ
ಸಿಕ್ಕಿಬಿದ್ದ ಕಳ್ಳ!

ನಿಧಾನವೇಸರಿ
ನಮ್ಮ ಹುಡುಗರೂ ಹಾಗೇ ಮಾಡ್ತಿದ್ದರು. ನಾನು ಮನೆಯಿಂದಲೇ ಓಡಿಸಿಕೊಂಡು ಹೋಗ್ತೀನಿ, 12 ಕಿಲೋಮೀಟರ್ ಜಾಸ್ತಿ ಆಗುತ್ತೆ. ಅಲ್ಲಿ ತಲುಪೋ ಹೊತ್ತಿಗೆ ಸುಸ್ತಾಗಿ ಯಾರ ಚಕ್ರವೂ ಹಿಡಿಯೋಕಾಗಲ್ಲ. ಅಂತರ ತಾನಾಗೇ ಬರುತ್ತೆ.

ಒಂಟಿಪೆಡಲ್
ನಾನು ಮಾರ್ಚ್‌ನಿಂದ ಒಬ್ಬನೇ. ಯಾರ ಮೂಗೂ ಇಲ್ಲ, ಯಾರಿಗೂ ಕಾಯಬೇಕಿಲ್ಲ. ಗುಂಪು ಬೇಕೇ ಬೇಕು ಅನ್ನೋದು ಚಟ ಅಷ್ಟೇ.

ಹಿಂದಿನಚಕ್ರ
@ಒಂಟಿಪೆಡಲ್ ಸರ್, ಒಬ್ಬ ಗಂಡಸು ಖಾಲಿ ರಸ್ತೆಯಲ್ಲಿ ಬೆಳಗಿನ ಕತ್ತಲಲ್ಲಿ ಓಡಿಸೋದಕ್ಕೂ ನಾನು ಓಡಿಸೋದಕ್ಕೂ ವ್ಯತ್ಯಾಸ ಇದೆ. ಬೇಸಿಗೆಯಲ್ಲಿ ಐದೂವರೆಗೆ ಬೆಳಕಿರುತ್ತಿತ್ತು, ಒಬ್ಬಳೇ ಹೋದೆ. ಈಗ ದಿನ ಕಿರಿದಾಗ್ತಾ ಬಂತು, ಹಗಲು ರಾತ್ರಿ ಸಮ ಆಗೋ ದಿನವೇ ಬಂತು. ಚಟ ಅಂತ ಅಲ್ಲ, ಯಾರಾದರೂ ಜೊತೆಗಿರಲಿ ಅಂತ.

ಒಂಟಿಪೆಡಲ್
ಅದು ಹೊಳೆಯಲಿಲ್ಲ ಮೇಡಂ. ಕ್ಷಮಿಸಿ.

ಮೂರನೇಗೇರ್
ಸುಮ್ನೆ ಮಾಸ್ಕ್ ಹಾಕ್ಕೊಂಡು ಓಡಿಸಿದರೆ ಮುಗೀತಲ್ಲ?

ಆಸ್ಪತ್ರೆಪಾಳಿ
ಜೋರಾಗಿ ತುಳಿಯುವಾಗ ಬೇಡ. ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ, ಅಂತರ ಇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬೆವರಿಗೆ ಬೇಗ ಒದ್ದೆಯಾಗುತ್ತೆ, ಉಸಿರಾಡೋದು ಕಷ್ಟ. ಜೇಬಲ್ಲಿ ಒಂದು ಒಣ ಮಾಸ್ಕ್ ಚಿಕ್ಕ ಕವರ್‌ನಲ್ಲಿ ಇಟ್ಟುಕೊಳ್ಳಿ. ನಿಂತಾಗ, ಅಂಗಡಿಗೆ ಹೋದಾಗ, ಯಾರದಾದರೂ ಪಂಕ್ಚರ್ ಆದಾಗ ಹಾಕಿಕೊಳ್ಳಿ.

ಮೂರನೇಗೇರ್
ಪಂಕ್ಚರ್ ಆದಾಗ ಸಹಾಯ ಮಾಡಲೇಬಾರದಾ?

ಸ್ಪೋಕ್‌ಎಣಿಕೆ
ಮಾಡಿ, ಆದರೆ ಆರು ತಲೆ ಒಂದು ಚಕ್ರದ ಮೇಲೆ ಬಾಗೋದು ಬೇಡ. ಒಬ್ಬರು ಸಾಕು. ನಾವು ಮಾಡಿಕೊಂಡ ನಿಯಮ: ಪ್ರತಿಯೊಬ್ಬರೂ ತಮ್ಮ ಟ್ಯೂಬ್, ಪಂಪ್, ಟೈರ್ ಲಿವರ್ ತಾವೇ ತರಬೇಕು. ನೀರಿನ ಬಾಟಲಿ ಹಂಚಿಕೊಳ್ಳೋ ಹಾಗಿಲ್ಲ. ಟೈರ್ ಬಿಚ್ಚೋಕೆ ಬರದವರು ಮನೆಯಲ್ಲಿ ಎರಡು ಸಲ ಬಿಚ್ಚಿ ಹಾಕಿ ಕಲಿತು ಬನ್ನಿ. ಇದರಿಂದ ಒಳ್ಳೇದೇ ಆಯ್ತು, ಹತ್ತು ವರ್ಷದಿಂದ "ಅಣ್ಣಾ ಸ್ವಲ್ಪ" ಅಂತಿದ್ದವನು ಈಗ ಏಳು ನಿಮಿಷದಲ್ಲಿ ಟ್ಯೂಬ್ ಬದಲಾಯಿಸ್ತಾನೆ.

ಪಂಕ್ಚರ್‌ಪುರಾಣ
ಆ ಅಣ್ಣಾ ಸ್ವಲ್ಪ ನಾನೇ. ಒಂಬತ್ತು ನಿಮಿಷ.

ಮೂರನೇಗೇರ್
ಟ್ಯೂಬ್ ಬದಲಾಯಿಸೋಣ, ಆದರೆ ಟ್ಯೂಬ್ ಸಿಗಬೇಕಲ್ಲ! ಈ ವರ್ಷ ಊರವರೆಲ್ಲಾ ಸೈಕಲ್ ಹತ್ತಿದರು. ಚೈನ್ ಕೇಳಿದರೆ ಇಲ್ಲ, ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಕೇಳಿದರೆ ಮುಂದಿನ ತಿಂಗಳು. ನನ್ನದು 11 ಸ್ಪೀಡ್, ಚೈನ್ ಸವೆತ ಅಳೆಯೋ ಪಟ್ಟಿ 0.5ರ ಕಡೆ ಪೂರ್ತಿ ಇಳಿಯುತ್ತೆ. ಇನ್ನೂ ಎಷ್ಟು ದಿನ ಎಳೆಯಬಹುದು?

ಸ್ಪೋಕ್‌ಎಣಿಕೆ
0.5 ಇಳಿದರೆ ಚೈನ್ ಬದಲಾಯಿಸೋ ಹೊತ್ತು. 0.75ಕ್ಕೆ ಬಿಟ್ಟರೆ ಕ್ಯಾಸೆಟ್ ಹಲ್ಲು ಸವೆದು ಅದೂ ಹೋಗುತ್ತೆ, ಈಗ ಅದೂ ಸಿಗಲ್ಲ. ಹೊಸದು ಸಿಗೋವರೆಗೆ ಚೈನ್ ಬಿಚ್ಚಿ ಚೆನ್ನಾಗಿ ತೊಳೆದು, ಒಣಗಿಸಿ, ಹನಿ ಹನಿ ಎಣ್ಣೆ ಹಾಕಿ, ಮೇಲಿನದನ್ನು ಒರೆಸಿ. ಒದ್ದೆ ಎಲೆ ಮೇಲೆ ಓಡಿಸಿದ ಸೈಕಲ್ ಹಾಗೇ ನಿಲ್ಲಿಸಿದರೆ ಬೆಳಗ್ಗೆ ಚೈನ್ ಕೆಂಪು.

ನಿಧಾನವೇಸರಿ
ಎಲೆ ಅಂದಿರಲ್ಲ, ಅದೊಂದು ಹೇಳಲೇಬೇಕು. ಒಣ ಎಲೆ ಚೆಂದ. ಒದ್ದೆ ಎಲೆ ಸೋಪು. ತಿರುವಿನಲ್ಲಿ ಎಲೆ ರಾಶಿ ಕಂಡರೆ ಬ್ರೇಕ್ ಎಲ್ಲಾ ಮುಂಚೆಯೇ ಹಿಡಿದು ಮುಗಿಸಿ. ಎಲೆ ಮೇಲೆ ಬ್ರೇಕ್ ಮುಟ್ಟಬೇಡಿ, ಸೈಕಲ್ ವಾಲಿಸಬೇಡಿ. ಅಡಿಯಲ್ಲಿ ಗುಂಡಿ ಇದ್ದರೂ ಕಾಣಲ್ಲ. ಮೂರು ವರ್ಷದ ಹಿಂದೆ ನನ್ನ ಮುಂದಿನವರು ಹಾಗೆ ಜಾರಿದರು, ನಾನು ಅರ್ಧ ಮೀಟರ್ ಹಿಂದೆ ಇದ್ದೆ. ಅವರ ಮೇಲೆ ನಾನು, ನನ್ನ ಮೇಲೆ ಇನ್ನೊಬ್ಬರು. ಕಾಲರ್ ಮೂಳೆ ಮುರೀತು. ಕೊರೋನಾ ಇರಲಿ ಬಿಡಲಿ, ಈ ಕಾಲದಲ್ಲಿ ಅಂತರ ಬಿಡೋದಕ್ಕೆ ನನಗೆ ಆ ಮೂಳೆ ಸಾಕು.

ಬಿಸಿಲು ಕೂಡ ನೋಡಿಕೊಳ್ಳಿ. ಬೆಳಗ್ಗೆ ಸಂಜೆ ಸೂರ್ಯ ತಗ್ಗಿನಲ್ಲಿ, ನೇರ ಕಣ್ಣಿಗೆ. ನಿಮ್ಮ ನೆರಳು ನಿಮ್ಮ ಹಿಂದೆ ಉದ್ದಕ್ಕೆ ಬಿದ್ದಿದ್ದರೆ, ಹಿಂದಿನಿಂದ ಬರೋ ಕಾರಿನವರ ಕಣ್ಣಿಗೂ ಅದೇ ಸೂರ್ಯ ಹೊಡೀತಿದ್ದಾನೆ, ಅವರಿಗೆ ನೀವು ಕಾಣ್ತಿಲ್ಲ ಅಂತ ಅಂದುಕೊಳ್ಳಿ. ಹಗಲಲ್ಲೂ ಹಿಂದಿನ ಲೈಟ್ ಹಾಕಿ.

ಗಾಳಿಗೆಎದುರು
ಇದು ಒಳ್ಳೇ ಮಾತು. ಟೈರ್ ಗಾಳಿಯನ್ನೂ ಸ್ವಲ್ಪ ಇಳಿಸಿ, 100 ಪಿಎಸ್ಐ ತುಂಬಿಸೋ ಕಾಲ ಹೋಯ್ತು. ನಾನು 28 ಮಿ.ಮೀ. ಅಗಲದ ಟೈರ್‌ಗೆ 75 ಹಾಕ್ತೀನಿ, 70 ಕೆ.ಜಿ. ಇದ್ದೀನಿ.

ಹುಷಾರಾದವ
ಇಷ್ಟು ದಿನ ಸುಮ್ಮನೆ ಓದ್ತಿದ್ದೆ. ಜುಲೈನಲ್ಲಿ ನನಗೆ ಬಂದಿತ್ತು. ಗುಂಪಿನಿಂದಲೋ ಮನೆಯಿಂದಲೋ ಗೊತ್ತಿಲ್ಲ, ಅದಕ್ಕೆ ಯಾರ ಮೇಲೂ ಹೊರಿಸಲ್ಲ. ಮೂರು ದಿನ ಜ್ವರ, ವಾಸನೆ ಹೋಯ್ತು, ಅಷ್ಟೇ. 39 ವರ್ಷ, ವಾರಕ್ಕೆ 200 ಕಿಲೋಮೀಟರ್ ಓಡಿಸೋನು. ಏನೂ ಆಗಲ್ಲ ಅಂತ ಜ್ವರ ಬಿಟ್ಟ ಐದನೇ ದಿನ ಸೈಕಲ್ ತೆಗೆದೆ. ದಿನಾ ಮಾತಾಡ್ತಾ ಹತ್ತೋ ಸಣ್ಣ ಏರು. ಅರ್ಧಕ್ಕೆ ಎದೆಬಡಿತ 171. ಯಾವಾಗಲೂ ಅಲ್ಲಿ 140 ದಾಟಲ್ಲ. ಇಳಿದು ರಸ್ತೆ ಬದಿ ಕಲ್ಲಿನ ಮೇಲೆ ಇಪ್ಪತ್ತು ನಿಮಿಷ ಕೂತೆ. ಕೈ ನಡುಗ್ತಿತ್ತು, ಹೆಲ್ಮೆಟ್ ಬಕಲ್ ಬಿಚ್ಚೋಕೆ ಆಗಲಿಲ್ಲ.

ಡಾಕ್ಟರು ಬೈದರು. ಲಕ್ಷಣ ಎಲ್ಲಾ ಹೋದ ಮೇಲೂ ಎರಡು ವಾರ ವ್ಯಾಯಾಮ ಬೇಡ, ಹೃದಯದ ಮಾಂಸಖಂಡಕ್ಕೆ ಊತ ಬಂದಿರಬಹುದು ಅಂತ ಇಸಿಜಿ ಮಾಡಿಸಿದರು. ಸದ್ಯ, ಏನೂ ಇರಲಿಲ್ಲ. ಬೆಳಗ್ಗೆ ಎದ್ದಾಗಿನ ಎದೆಬಡಿತ 52 ಇದ್ದದ್ದು 66 ಆಗಿತ್ತು, ಹಳೇ ಲೆಕ್ಕಕ್ಕೆ ಬರೋಕೆ ಆರು ವಾರ ಬೇಕಾಯ್ತು. ಈಗ ಸಮತಟ್ಟು ರಸ್ತೆಯಲ್ಲಿ ಒಂದು ಗಂಟೆ, ಅಷ್ಟೇ.

ನಿಧಾನವೇಸರಿ
ಹುಷಾರಾಗಿರಿ ತಮ್ಮಾ. ಏರು ಎಲ್ಲೂ ಓಡಿ ಹೋಗಲ್ಲ.

ಗಾಳಿಗೆಎದುರು
ಬೇಗ ಸರಿಹೋಗಲಿ. ನಾನು ಹಗುರವಾಗಿ ಮಾತಾಡಿದ್ದೆ ಅನ್ನಿಸಿದರೆ ಬೇಜಾರು ಮಾಡ್ಕೋಬೇಡಿ. ಆದರೂ 20 ಮೀಟರ್ ಜಾಸ್ತಿಯೇ ಅಂತೀನಿ.

ಮಡ್‌ಗಾರ್ಡ್‌ಪಕ್ಷ
ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಗುಂಪು ಒಡೆಯಿರಿ. ಎಂಟು ಜನಕ್ಕೆ ನಾಲ್ಕು ನಾಲ್ಕರ ಎರಡು ಸಾಲು, ನಡುವೆ ಐದು ನಿಮಿಷ. ಯಾವಾಗಲೂ ಅದೇ ನಾಲ್ಕು ಜನ, ವಾರ ವಾರ ಅದಲು ಬದಲು ಬೇಡ. ಇಂಗ್ಲೆಂಡಲ್ಲಿ ಕಳೆದ ವಾರದಿಂದ ಆರಕ್ಕಿಂತ ಜಾಸ್ತಿ ಜನ ಸೇರಬಾರದು ಅಂತ ಮಾಡಿದ್ದಾರೆ. ನಿಮ್ಮಲ್ಲಿ ಎಷ್ಟು ಅಂತ ಮೊದಲು ನೋಡಿಕೊಳ್ಳಿ. ಐರನ್‌ಮ್ಯಾನ್‌ನಲ್ಲಿ (ಈಜು, ಸೈಕಲ್, ಓಟ ಮೂರೂ ಇರೋ ರೇಸ್) ಸೈಕಲ್‌ಗಳ ನಡುವೆ 12 ಮೀಟರ್ ಅಂತರ ಕಡ್ಡಾಯ, ಅವರು ಅದರಲ್ಲೇ 180 ಕಿಲೋಮೀಟರ್ ಓಡಿಸ್ತಾರೆ. ನಮಗೆ 60 ಕಷ್ಟನಾ?

ಪಂಕ್ಚರ್‌ಪುರಾಣ
ಎದುರುಗಾಳಿಯಲ್ಲಿ 12 ಮೀಟರ್ ಹಿಂದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳೋದು ಅಂದರೆ ಇದೇ ಏನೋ.

ಹಿಂದಿನಚಕ್ರ (ಭಾನುವಾರ, 27 ಸೆಪ್ಟೆಂಬರ್)
ಸರಿ, ವರದಿ.

ವಾರದ ಮಧ್ಯೆ ಗುಂಪಿಗೆ ಉದ್ದ ಸಂದೇಶ ಹಾಕಿದೆ. ಮೂವರು ಒಪ್ಪಿದರು, ಇಬ್ಬರು ಓದಿ ಸುಮ್ಮನಾದರು, ಒಬ್ಬರು ಹೆಬ್ಬೆರಳು ಒತ್ತಿದರು. ಅದು ಯಾವ ಅರ್ಥದಲ್ಲೋ ಗೊತ್ತಿಲ್ಲ. ಇವತ್ತು ನಾಲ್ಕು ಜನ ಹೋದೆವು. ಎಲ್ಲರೂ ಮನೆಯಿಂದಲೇ ಸೈಕಲ್ ಮೇಲೆ ಬಂದರು. ಕಂಬ ಎಣಿಸೋ ವಿದ್ಯೆ ಕೆಲಸ ಮಾಡುತ್ತೆ. ಮೊದಲ ಅರ್ಧ ಗಂಟೆ ಎಲ್ಲರ ತುಟಿಯೂ ಅಲ್ಲಾಡ್ತಿತ್ತು, ಮಂತ್ರ ಹೇಳೋರ ಹಾಗೆ. ಎದುರುಗಾಳಿಯಲ್ಲಿ ಸರಾಸರಿ 24ಕ್ಕೆ ಇಳೀತು, ಕಾಲು ಸೀಸ ಆಯ್ತು. ಮಾತು ಇಲ್ಲ. ಗುಡ್ಡದ ಮೇಲೆ ನಿಂತು, ದೂರ ದೂರ ಕೂತು, ಜೋರಾಗಿ ಹರಟೆ ಹೊಡೆದೆವು.

ಮೂಗಿನವರು? ಬಂದಿದ್ದರು. ನಾಲ್ಕರಲ್ಲಿ ಅವರೂ ಒಬ್ಬರು! ಅರ್ಧ ದಾರಿಯಲ್ಲಿ ಕೈ ಎತ್ತಿ, ಸಾಲಿನಿಂದ ಹೊರಗೆ ಬಂದು, ನಿಂತೇಬಿಟ್ಟರು. ನಾವೆಲ್ಲ ದಾಟಿದ ಮೇಲೆ ಹಿಂದಿನಿಂದ ದೊಡ್ಡ ಸದ್ದು ಬಂತು. ಕ್ಷಮೆ ಗಿಮೆ ಏನೂ ಕೇಳಲಿಲ್ಲ.

ನಿಧಾನವೇಸರಿ
ಹಾಗಾದರೆ ಐದನೆಯವರು ಸಿಕ್ಕರು.

ಸ್ಪೋಕ್‌ಎಣಿಕೆ
ಬೇಗ ಮುಗಿಸಿ ಮೇಡಂ, ಇಟಲಿಯ ಇಮೋಲಾದಲ್ಲಿ ಸೈಕಲ್ ವಿಶ್ವ ಚಾಂಪಿಯನ್‌ಶಿಪ್ ನಡೀತಿದೆ. ಅಲಾಫಿಲಿಪ್ ಕೊನೇ ಏರಿನಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು ಹೋದ, ಹಿಂದೆ ಐದು ಜನ ಒಬ್ಬರ ಮುಖ ಒಬ್ಬರು ನೋಡ್ತಿದ್ದಾರೆ.

ಹಿಂದಿನಚಕ್ರ
ಅಯ್ಯೋ, ಹಾಕ್ತೀನಿ ಟಿವಿ. ಮುಂದಿನ ಭಾನುವಾರ ಮಳೆ ಅಂತಿದ್ದಾರೆ. ಬೆಳಕು ತಡ, ಏಳೂವರೆಗೆ ಹೊರಡೋಣ ಅಂತ ಇದ್ದೀವಿ.

ಮಡ್‌ಗಾರ್ಡ್‌ಪಕ್ಷ
ಮಳೆ ಅಂದಿರಾ? ಮಡ್‌ಗಾರ್ಡ್ ಇಲ್ಲದವರು ಕೊನೆಯಲ್ಲಿ ಇರಲಿ. ಬಾಟಲಿ ಕತ್ತರಿಸೋ ಅಳತೆ ಬೇಕಾದರೆ ಚಿತ್ರ ಕಳಿಸ್ತೀನಿ.

ಪಂಕ್ಚರ್‌ಪುರಾಣ
ಕಳಿಸಿ. ಯಾರಿಗೂ ಹೇಳಬೇಡಿ.